ಉರಿ ಆರಿಸಿದ ಮೇಲೆ ಬೇಯಿಸುವ ಪಾತ್ರೆ: ಥರ್ಮಲ್ ಕುಕ್ಕರ್ ಎಷ್ಟು ಉಳಿಸುತ್ತದೆ, ಎಲ್ಲಿ ಕೈಕೊಡುತ್ತದೆ

ನಾಲ್ಕು ಲೀಟರ್ ತುಂಬಿದ ಪಾತ್ರೆ ಒಮ್ಮೆ ಕುದಿ ಬಂದ ಮೇಲೆ ಅದೇ ಬಿಸಿಯಲ್ಲಿ ಉಳಿಯಲು ಎಷ್ಟು ಶಾಖ ಬೇಕು? ಸುತ್ತ ಗಟ್ಟಿ ಹೊದಿಕೆ ಇದ್ದರೆ 20ರಿಂದ 25 ವಾಟ್ ಸಾಕು, ಅಂದರೆ ಎರಡು ಮೂರು ಎಲ್‌ಇಡಿ ಬಲ್ಬಿನಷ್ಟು. ಗ್ಯಾಸ್ ಒಲೆಯ ಉರಿಯನ್ನು ಎಷ್ಟೇ ಸಣ್ಣ ಮಾಡಿದರೂ ಅದು ಉರಿಸುವುದು ಸುಮಾರು 500 ವಾಟ್. ಹೆಚ್ಚಿನದೆಲ್ಲ ಆವಿಯ ಜೊತೆ, ಪಾತ್ರೆಯ ಮೈಯಿಂದ, ಉರಿಯ ಅಂಚಿನಿಂದ ಅಡುಗೆಮನೆಯ ಗಾಳಿಗೆ ಹೋಗುತ್ತದೆ. ಥರ್ಮಲ್ ಕುಕ್ಕರ್ ಮುಚ್ಚಲು ಹೊರಟಿರುವುದು ಈ ಸೋರಿಕೆಯನ್ನು.

ಸಾಮಾನು ಸರಳ. ಒಳಗೊಂದು ಸ್ಟೀಲ್ ಪಾತ್ರೆ, ಹೊರಗೊಂದು ದೊಡ್ಡ ಬಾಯಿಯ ಫ್ಲಾಸ್ಕ್. ಒಳಪಾತ್ರೆಯನ್ನು ಒಲೆಯ ಮೇಲಿಟ್ಟು ಕುದಿಸಿ, ಕೆಲವು ನಿಮಿಷ ಹಾಗೇ ಬಿಟ್ಟು, ಮುಚ್ಚಳದ ಸಮೇತ ಎತ್ತಿ ಫ್ಲಾಸ್ಕಿನೊಳಗೆ ಇಳಿಸಿ, ಹೊರಮುಚ್ಚಳ ಹಾಕುವುದು. ಅಲ್ಲಿಂದ ಮುಂದೆ ಉರಿಯಿಲ್ಲ, ಕರೆಂಟಿಲ್ಲ. ಕಾಳು ತನ್ನ ಪಾಡಿಗೆ ತಾನು ಬೇಯುತ್ತದೆ. ಇದು ಹೊಸ ಉಪಾಯವೂ ಅಲ್ಲ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಿಸಿ ಪಾತ್ರೆ ಹೂತಿಟ್ಟು ಬೇಯಿಸುವುದು ಹಳೆಯ ರೂಢಿ. ಅದರ ಅಚ್ಚುಕಟ್ಟಾದ ನಾರ್ವೆ ರೂಪ 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿತ್ತು. ಎರಡು ಮಹಾಯುದ್ಧಗಳಲ್ಲಿ ಇಂಧನಕ್ಕೆ ತತ್ವಾರ ಬಂದಾಗ ಯುರೋಪಿನ ಮನೆಗಳು ಮತ್ತೆ ಹುಲ್ಲಿನ ಪೆಟ್ಟಿಗೆ ಕಟ್ಟಿಕೊಂಡವು. ಇಂಧನ ಅಗ್ಗವಾದ ಕೂಡಲೇ ಅದು ಅಟ್ಟ ಸೇರಿತು. ಭೂಮಿಯ ಮಿತಿಯೊಳಗೆ ಬದುಕಬೇಕು, ಶ್ರೀಮಂತ ಸಮಾಜಗಳು ವಸ್ತು ಮತ್ತು ಶಕ್ತಿಯ ಬಳಕೆಯನ್ನು ಬೇಕೆಂದೇ ತಗ್ಗಿಸಿಕೊಳ್ಳಬೇಕು ಎನ್ನುವ ಡಿಗ್ರೋತ್ ಚಿಂತನೆಯ ಜೊತೆಗೆ ಈಗ ಅದು ಸ್ಟೀಲ್ ಮೈ ತೊಟ್ಟು ಮರಳಿದೆ. ಹಾಗಾಗಿ ಇದನ್ನು ಅಳೆಯಬೇಕಾದದ್ದೂ ಅದೇ ಅಳತೆಗೋಲಿನಿಂದ: ಒಟ್ಟು ಉರಿಯುವುದು ಎಷ್ಟು ಕಡಿಮೆಯಾಗುತ್ತದೆ, ಅದಕ್ಕಾಗಿ ಹೊಸದಾಗಿ ಎಷ್ಟು ಅಗೆಯಬೇಕಾಗುತ್ತದೆ.

ಮೊದಲು ಉಳಿತಾಯದ ಲೆಕ್ಕ. 25 ಡಿಗ್ರಿಯ 4 ಲೀಟರ್ ನೀರನ್ನು 100 ಡಿಗ್ರಿಗೆ ತರಲು ನೀರಿಗೆ ಸೇರಬೇಕಾದ ಶಾಖ ಸುಮಾರು 1260 ಕಿಲೋಜೌಲ್, ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 0.35 ಯೂನಿಟ್. ಗ್ಯಾಸ್ ಒಲೆಯಲ್ಲಿ ಉರಿಸಿದ್ದರಲ್ಲಿ ಪಾತ್ರೆಗೆ ಇಳಿಯುವುದು ಅರ್ಧದ ಆಸುಪಾಸು. 45 ಶೇಕಡಾ ಎಂದುಕೊಂಡರೆ 0.78 ಯೂನಿಟ್‌ನಷ್ಟು ಗ್ಯಾಸ್ ಬೇಕು. ಈ ಭಾಗವನ್ನು ಥರ್ಮಲ್ ಕುಕ್ಕರ್ ಒಂದು ಚೂರೂ ಉಳಿಸುವುದಿಲ್ಲ. ಕುದಿ ಬರಿಸುವ ಖರ್ಚು ಯಾವ ಪಾತ್ರೆಯಲ್ಲೂ ತಪ್ಪಿದ್ದಲ್ಲ. ಉಳಿಯುವುದು ಆಮೇಲಿನ ಸಣ್ಣ ಉರಿಯ ಪಾಲು. ಒಂದು ಗಂಟೆ ಸಣ್ಣ ಉರಿ ಎಂದರೆ ಅರ್ಧ ಯೂನಿಟ್. ಅದರಲ್ಲಿ ಹತ್ತು ನಿಮಿಷ ಹೇಗೂ ಬೇಕು, ಮಿಕ್ಕ 0.42 ಯೂನಿಟ್ ಉಳಿತಾಯ. ಒಟ್ಟು ಖರ್ಚಿನಲ್ಲಿ ಮೂರನೇ ಒಂದು. ಎರಡು ಗಂಟೆ ಬೇಯುವ ಪದಾರ್ಥವಾದರೆ ಅರ್ಧದಷ್ಟು ಉಳಿಯುತ್ತದೆ. "80 ಶೇಕಡಾ ಇಂಧನ ಉಳಿತಾಯ" ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅವರು ಲೆಕ್ಕ ಹಾಕಿರುವುದು ಸಣ್ಣ ಉರಿಯ ಅವಧಿಯನ್ನು ಮಾತ್ರ ಎಂದು ತಿಳಿಯಿರಿ.

ಮುಚ್ಚಳವಿಲ್ಲದೆ ಬೇಯಿಸುವವರಿಗೆ ಲಾಭ ಇನ್ನೂ ಹೆಚ್ಚು. ಗಂಟೆಗೆ ಅರ್ಧ ಲೀಟರ್ ಆವಿಯಾಗಿ ಹೋಯಿತೆಂದರೆ ಅದರ ಜೊತೆ ಹೋದ ಶಾಖ 1130 ಕಿಲೋಜೌಲ್. ಅಷ್ಟರಲ್ಲಿ ಇನ್ನೊಂದು ನಾಲ್ಕು ಲೀಟರ್ ತಣ್ಣೀರನ್ನು 25ರಿಂದ 92 ಡಿಗ್ರಿಗೆ ಏರಿಸಬಹುದಿತ್ತು. ಹಾಗೆಂದು ಆ ಉಳಿತಾಯದ ಕೀರ್ತಿಯನ್ನೆಲ್ಲ ಫ್ಲಾಸ್ಕಿಗೆ ಕೊಡಬೇಕಿಲ್ಲ. ಬಹುಪಾಲು ಸಲ್ಲಬೇಕಾದದ್ದು ಒಂದು ತಟ್ಟೆ ಮುಚ್ಚಳಕ್ಕೆ.

ಪ್ರೆಶರ್ ಕುಕ್ಕರ್ ಈಗಾಗಲೇ ಇರುವ ಮನೆಯಲ್ಲಿ ಚಿತ್ರ ಬದಲಾಗುತ್ತದೆ. 120 ಡಿಗ್ರಿಯ ಹತ್ತಿರ ಕಾಳು ಬೇಗ ಬೇಯುವುದರಿಂದ ಸಣ್ಣ ಉರಿಯ ಹೊತ್ತು ಮೊದಲೇ ಹತ್ತು ಹದಿನೈದು ನಿಮಿಷಕ್ಕೆ ಇಳಿದಿರುತ್ತದೆ, ಉಳಿಸಲು ಹೆಚ್ಚೇನೂ ಬಾಕಿಯಿರುವುದಿಲ್ಲ. ಅಲ್ಲಿ ಹೊಸ ಪಾತ್ರೆ ಕೊಳ್ಳುವುದಕ್ಕಿಂತ, ಒತ್ತಡ ಪೂರ್ತಿ ಬಂದ ಮೇಲೆ ಒಲೆ ಆರಿಸಿ ಕುಕ್ಕರನ್ನೇ ದಪ್ಪ ಕಂಬಳಿಯೊಳಗೆ ಇಳಿಸಿ ಮುಕ್ಕಾಲು ಗಂಟೆ ಬಿಡುವುದು ಜಾಣತನ. ಕಂಬಳಿ ಉರಿಯಿಂದ ದೂರ ಇರಬೇಕು, ವೆಯ್ಟ್ ಮತ್ತು ಸುರಕ್ಷತಾ ವಾಲ್ವಿನ ಬಾಯಿಗೆ ಬಟ್ಟೆ ತಾಗಬಾರದು.

ಇನ್ನು ಪಾತ್ರೆಯ ಒಳಗುಟ್ಟು. ಒಳ್ಳೆಯ ನಿರ್ವಾತ ಫ್ಲಾಸ್ಕ್, ಅಂದರೆ ಎರಡು ಗೋಡೆಗಳ ನಡುವಿನ ಗಾಳಿ ತೆಗೆದದ್ದು, ಪೂರ್ತಿ ತುಂಬಿದ್ದರೆ, 95 ಡಿಗ್ರಿಯಲ್ಲಿ ಮುಚ್ಚಿದ್ದು ಆರು ಗಂಟೆಯ ನಂತರ 70ರ ಹತ್ತಿರ ಇರುತ್ತದೆ. ಇದೇ ಪಾತ್ರೆಯಲ್ಲಿ ಅರ್ಧ ಮಾತ್ರ ತುಂಬಿಸಿದರೆ? ಶಾಖ ಸೋರುವ ಮೈ ಅಷ್ಟೇ, ಸೋರುವ ವೇಗವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಶಾಖದ ದಾಸ್ತಾನು ಅರ್ಧ. ಹೊರಗೆ 25 ಡಿಗ್ರಿ ಇದ್ದಾಗ ಲೆಕ್ಕ ಹಾಕಿ ನೋಡಿದರೆ ಆರು ಗಂಟೆಗೆ 54ಕ್ಕೆ ಬಂದು ನಿಲ್ಲುತ್ತದೆ. ಸುರಕ್ಷತೆಯ ಗೆರೆಯಾದ 60 ಡಿಗ್ರಿಗಿಂತ ಕೆಳಗಿಳಿಯಲು ತುಂಬಿದ ಪಾತ್ರೆಗೆ ಒಂಬತ್ತೂವರೆ ಗಂಟೆ ಹಿಡಿದರೆ ಅರ್ಧ ಪಾತ್ರೆಗೆ ನಾಲ್ಕೂಮುಕ್ಕಾಲು ಗಂಟೆ ಸಾಕು. "ಕಾಳು ಬೇಯಲಿಲ್ಲ", "ಹಳಸಿತು" ಎನ್ನುವ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಇದೇ: ಮುಂದೆ ಬೇಕಾದೀತು ಎಂದು ದೊಡ್ಡ ಅಳತೆ ಕೊಂಡು, ಅದರಲ್ಲಿ ದಿನವೂ ಕಾಲುಭಾಗ ಬೇಯಿಸುವುದು. ದಿನನಿತ್ಯದ ಅಡುಗೆ ಎಷ್ಟೋ ಅದರ ಒಂದೂಕಾಲು ಪಟ್ಟು ಗಾತ್ರದ ಪಾತ್ರೆ ಸಾಕು. ಗಾತ್ರ ಮೀರಿದ್ದೇ ಇದ್ದರೆ ಖಾಲಿ ಜಾಗವನ್ನು ಕುದಿಯುವ ನೀರು ತುಂಬಿದ ಚಿಕ್ಕ ಡಬ್ಬಿಯಿಂದ ತುಂಬಬಹುದು, ಆ ನೀರು ಆಮೇಲೆ ಪಾತ್ರೆ ತೊಳೆಯಲು ಬರುತ್ತದೆ.

ಎರಡನೇ ಶತ್ರು ಕುತೂಹಲ. ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವ ಅಭ್ಯಾಸ ಈ ಪಾತ್ರೆಗೆ ದುಬಾರಿ. ಮುಚ್ಚಳ ತೆಗೆದಾಗ 20 ಗ್ರಾಂ ಆವಿ ಹೋದರೂ 45 ಕಿಲೋಜೌಲ್ ಹೋಯಿತು. ಮೂರು ಲೀಟರಿನ ಅಡುಗೆ ಮೂರೂವರೆ ಡಿಗ್ರಿ ಇಳಿಯುತ್ತದೆ, ಮತ್ತೆ ಏರುವ ದಾರಿಯೇ ಇಲ್ಲ. ತಣ್ಣಗಿನ ಫ್ಲಾಸ್ಕ್ ಕೂಡ ತನ್ನ ಪಾಲು ಕೇಳುತ್ತದೆ. ಒಂದು ಕಿಲೋ ತೂಕದ ಒಳಗೋಡೆ ಬಿಸಿಯಾಗಲು ಮೂರು ಲೀಟರಿನಿಂದ ಸುಮಾರು ಮೂರು ಡಿಗ್ರಿ ಎಳೆದುಕೊಳ್ಳುತ್ತದೆ. ಚಳಿ ಪ್ರದೇಶಗಳಲ್ಲಿ ಫ್ಲಾಸ್ಕನ್ನು ಮೊದಲು ಬಿಸಿನೀರಿನಿಂದ ತೊಳೆದುಕೊಳ್ಳಿ ಎಂದು ಕೈಪಿಡಿಗಳು ಹೇಳುವುದು ಅದಕ್ಕೇ. ಅದಕ್ಕೆಂದೇ ಬೇರೆ ನೀರು ಕಾಯಿಸಿದರೆ ಮಾತ್ರ ಉಳಿತಾಯದಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಕಾಳು ಬಸಿದ ಬಿಸಿನೀರೋ ಚಹಾಕ್ಕೆ ಕಾಯಿಸಿ ಮಿಕ್ಕ ನೀರೋ ಇದ್ದರೆ ಸುರಿಯಿರಿ, ಇಲ್ಲದಿದ್ದರೆ ಬಿಡಿ.

ಬಳಸುವ ಕ್ರಮದಲ್ಲಿ ಎಲ್ಲರೂ ಎಡವುವುದು ಕುದಿಸುವ ಹೊತ್ತಿನಲ್ಲಿ. ನೀರು ಕುದಿಯಿತು ಎಂದ ಮಾತ್ರಕ್ಕೆ ಕಾಳಿನ ನಡುಭಾಗ ಬಿಸಿಯಾಗಿರುವುದಿಲ್ಲ. ತಕ್ಷಣ ಮುಚ್ಚಿಟ್ಟರೆ ಕಾಳು ನೀರಿನ ಶಾಖ ಹೀರಿ ಇಡೀ ಪಾತ್ರೆಯನ್ನು ಕೆಳಗೆಳೆಯುತ್ತದೆ. ಅಕ್ಕಿಗೆ ಕುದಿ ಬಂದ ಮೇಲೆ 3ರಿಂದ 5 ನಿಮಿಷ, ಒಡೆದ ಬೇಳೆಗೆ 5ರಿಂದ 8, ಇಡೀ ಆಲೂಗಡ್ಡೆಗೆ 8ರಿಂದ 10, ರಾತ್ರಿಯೆಲ್ಲ ನೆನೆಸಿದ ಇಡೀ ಕಾಳಿಗೆ 15 ನಿಮಿಷ ಮುಚ್ಚಳ ಹಾಕಿ ಕುದಿಸಿ ಆಮೇಲೆ ಇಳಿಸಿ. ಅನ್ನ ಮುಕ್ಕಾಲರಿಂದ ಒಂದು ಗಂಟೆಯಲ್ಲಿ ಆಗುತ್ತದೆ, ಬೇಳೆ ಒಂದೂವರೆ ಎರಡು ಗಂಟೆ, ಇಡೀ ಕಾಳು ಮೂರರಿಂದ ನಾಲ್ಕು ಗಂಟೆ. ಅಕ್ಕಿಯ ಪಿಷ್ಟ 65ರಿಂದ 75 ಡಿಗ್ರಿಯ ನಡುವೆಯೇ ಮೆತ್ತಗಾಗುವುದರಿಂದ ಅನ್ನ ಕೆಡುವುದು ಅಪರೂಪ. ಕಾಳಿನ ಸಿಪ್ಪೆ, ಕೋಶಗಳ ಗೋಡೆಗಳು ಮೆತ್ತಗಾಗಲು 80ರ ಮೇಲಿನ ಬಿಸಿ ಬೇಕು. ಆದ್ದರಿಂದ ಕಾಳಿನ ಭವಿಷ್ಯ ಮೊದಲ ಮೂರು ನಾಲ್ಕು ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಆಗ ಬೇಯದ್ದು ಹತ್ತು ಗಂಟೆ ಬಿಟ್ಟರೂ ಬೇಯದು.

ಆವಿ ಹೋಗದ ಕಾರಣ ನೀರನ್ನು ಮಾಮೂಲಿಗಿಂತ ಕಾಲುಭಾಗ ಕಡಿಮೆ ಹಾಕಿ. ಗಡಸು ನೀರು ಕಾಳನ್ನು ಬೇಯಗೊಡುವುದಿಲ್ಲ, ಅದರಲ್ಲಿನ ಕ್ಯಾಲ್ಸಿಯಂ ಕಾಳಿನ ಕೋಶಗಳನ್ನು ಬೆಸೆದಿಡುವ ಪೆಕ್ಟಿನ್ನನ್ನು ಗಟ್ಟಿ ಹಿಡಿದುಕೊಳ್ಳುತ್ತದೆ. ಹುಳಿಯದೂ ಅದೇ ಕತೆ, ಟೊಮೆಟೊ ನಿಂಬೆ ಎಲ್ಲ ಕಾಳು ಬೆಂದ ಮೇಲೆಯೇ. ಎತ್ತರದ ಊರುಗಳಲ್ಲಿ ಇನ್ನೊಂದು ತೊಡಕಿದೆ. ಸಮುದ್ರಮಟ್ಟದಿಂದ 2000 ಮೀಟರ್ ಮೇಲೆ ನೀರು 93 ಡಿಗ್ರಿಗೇ ಕುದಿಯುತ್ತದೆ, ಪಾತ್ರೆ ಓಟ ಶುರುಮಾಡುವುದೇ ಏಳು ಡಿಗ್ರಿ ಹಿಂದಿನಿಂದ. ಅಲ್ಲಿ ಕುದಿಸುವ ಹೊತ್ತನ್ನು ಒಂದೂವರೆ ಪಟ್ಟು ಮಾಡಿ, ಎರಡು ಗಂಟೆಯ ನಂತರ ಒಮ್ಮೆ ಮತ್ತೆ ಕುದಿ ತೋರಿಸಬೇಕು.

ಸುರಕ್ಷತೆಯ ವಿಷಯದಲ್ಲಿ ಮಾರುವವರು ಹೇಳದೆ ಬಿಡುವ ಮಾತು ಎರಡಿವೆ. ಮೊದಲನೆಯದು ರಾಜ್ಮಾ. ಅದರಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷಾಂಶವಿದೆ. ಅದು ನಾಶವಾಗುವುದು ಪೂರ್ತಿ ಕುದಿತದಲ್ಲಿ. ಸುಮಾರು 80 ಡಿಗ್ರಿಯಲ್ಲೇ ಬೆಂದ ಕಾಳು ಹಸಿ ಕಾಳಿಗಿಂತ ಹೆಚ್ಚು ತೊಂದರೆ ಕೊಡಬಲ್ಲದು. ಥರ್ಮಲ್ ಕುಕ್ಕರಿನೊಳಗಿನ ಹವಾಮಾನ ಸರಿಯಾಗಿ ಅದೇ. ಎಂಟು ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಗುಳ್ಳೆ ಏಳುವಂತೆ ಕುದಿಸಿ. 30 ನಿಮಿಷ ಕುದಿಸಿದರೆ ಇನ್ನೂ ನಿಶ್ಚಿಂತೆ. ಇಂಧನ ಉಳಿಸುವ ಆಸೆಗೆ ಕತ್ತರಿ ಹಾಕಬಾರದ ಜಾಗ ಇದು.

ಎರಡನೆಯದು 60 ಡಿಗ್ರಿ. ಅದಕ್ಕಿಂತ ಕೆಳಗೆ ಇಳಿದ ಅಡುಗೆ ಬ್ಯಾಕ್ಟೀರಿಯಾಗಳಿಗೆ ಬೆಚ್ಚನೆಯ ತೊಟ್ಟಿಲು. ಕುದಿತವನ್ನು ತಾಳಿಕೊಂಡ ಬೀಜಾಣುಗಳು ಎಚ್ಚರಾಗುವುದು ಆಗಲೇ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬಿಡುವ ಒಂದು ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ "ತಣ್ಣಗಾಗಿದೆ, ಇನ್ನೊಮ್ಮೆ ಬಿಸಿ ಮಾಡಿದರಾಯಿತು" ಎನ್ನುವುದು ಎಲ್ಲ ಸಲವೂ ನಡೆಯದು. ಒಂದು ಅಡುಗೆ ಥರ್ಮಾಮೀಟರ್ ಈ ಪಾತ್ರೆಯ ಜೊತೆಗೇ ಬರಬೇಕಿತ್ತು, ಬರುವುದಿಲ್ಲ. ಮೊದಲ ವಾರ ಬಡಿಸುವ ಮುಂಚೆ ಪ್ರತಿ ಸಲ ಅಳೆದು ಬರೆದಿಟ್ಟುಕೊಂಡರೆ ನಿಮ್ಮ ಪಾತ್ರೆ, ನಿಮ್ಮ ಪ್ರಮಾಣಕ್ಕೆ ಎಷ್ಟು ಗಂಟೆಯ ಭರವಸೆ ಎನ್ನುವುದು ಕೈಗೆ ಸಿಗುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಹೊಳಪಲ್ಲ, ಮುಚ್ಚಳ. ನಿರ್ವಾತದ ಗೋಡೆಯಿಂದ ಹೋಗುವ ಶಾಖ ಕಡಿಮೆ. ಹೆಚ್ಚು ಹೋಗುವುದು ಬಾಯಂಚಿನಲ್ಲಿ ಎರಡು ಗೋಡೆ ಕೂಡುವ ಜಾಗದಿಂದ ಮತ್ತು ಮುಚ್ಚಳದಿಂದ. ಟೊಳ್ಳು ಪ್ಲಾಸ್ಟಿಕ್ ಮುಚ್ಚಳವಾದರೆ ಬಿಡಿ, ಒಳಗೆ ಫೋಮ್ ತುಂಬಿರಬೇಕು. ಒಳಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಪಾತ್ರೆಗೆ ಬಳಸುವ 18/8 ಸ್ಟೀಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತಳದಲ್ಲಿ ಬೇರೆ ಪದರ ಇಲ್ಲದಿದ್ದರೆ ಇಂಡಕ್ಷನ್ ಒಲೆಯಲ್ಲಿ ಅದು ಕೆಲಸಕ್ಕೆ ಬಾರದು. ನಿರ್ವಾತ ಸರಿಯಿದೆಯೇ ಎಂದು ತಿಳಿಯಲು ಫ್ಲಾಸ್ಕಿಗೆ ಕುದಿನೀರು ತುಂಬಿ ಮುಚ್ಚಿ, ಒಂದು ಗಂಟೆ ಬಿಟ್ಟು ಹೊರಮೈ ಸವರಿ ನೋಡಿ. ಬಾಯಂಚು ಸ್ವಲ್ಪ ಬೆಚ್ಚಗಿರುವುದು ಸಹಜ. ಹೊಟ್ಟೆಯ ಭಾಗ ಬೆಚ್ಚಗಿದ್ದರೆ ಗಾಳಿ ಒಳಹೊಕ್ಕಿದೆ ಎಂದರ್ಥ. ಆಗ ಬದಲಾಯಿಸಿಕೊಳ್ಳಬೇಕು, ರಿಪೇರಿ ಎನ್ನುವುದಿಲ್ಲ. ಜೋರಾಗಿ ಒಂದು ಸಲ ಬಿದ್ದು ತಗ್ಗಾದರೂ ಇದೇ ಗತಿ. ಈ ಸಾಮಾನಿನ ದೊಡ್ಡ ಕೊರತೆ ಇಲ್ಲಿದೆ: ಮುಚ್ಚಳದ ರಬ್ಬರು, ಹಿಡಿ, ಕೀಲು ಎಲ್ಲ ಬದಲಾಯಿಸಬಹುದು, ಹೃದಯಕ್ಕೆ ಮಾತ್ರ ಮದ್ದಿಲ್ಲ.

ಆ ಹೃದಯ ತಯಾರಾಗಲು ಉರಿದದ್ದೆಷ್ಟು? ಸ್ಟೇನ್‌ಲೆಸ್ ಸ್ಟೀಲಿಗೆ ಕಿಲೋಗೆ 50 ಮೆಗಾಜೌಲ್ ಆಸುಪಾಸು ಹಿಡಿದರೆ ಮೂರೂವರೆ ಕಿಲೋ ಸೆಟ್ಟಿಗೆ 175 ಮೆಗಾಜೌಲ್, ಹತ್ತಿರ ಹತ್ತಿರ 49 ಯೂನಿಟ್. ಸಲಕ್ಕೆ 0.42 ಯೂನಿಟ್ ಉಳಿಸುವ ಪಾತ್ರೆ ತನ್ನ ಹುಟ್ಟಿನ ಸಾಲ ತೀರಿಸಲು 115ರಿಂದ 120 ಸಲ ಒಲೆ ಏರಬೇಕು. ದಿನವೂ ಬಳಸಿದರೆ ನಾಲ್ಕು ತಿಂಗಳು, ಚೆನ್ನಾಗಿಯೇ ಆಯಿತು. ತಿಂಗಳಿಗೆರಡು ಸಲ ಹೊರತೆಗೆಯುವವರಿಗೆ ಐದು ವರ್ಷ. ಮೂಗಿಗಿಂತ ಮೂಗುತಿ ಭಾರ. ಅಂಥವರು ಅಕ್ಕಪಕ್ಕದವರ ಜೊತೆ ಸೇರಿ ಒಂದನ್ನು ಹಂಚಿಕೊಳ್ಳಲಿ, ಅಥವಾ ಹುಲ್ಲಿನ ಪೆಟ್ಟಿಗೆ ಕಟ್ಟಿಕೊಳ್ಳಲಿ.

ಪೆಟ್ಟಿಗೆಯನ್ನು ಹಗುರವಾಗಿ ಕಾಣಬೇಡಿ. ಪಾತ್ರೆಯ ಸುತ್ತ, ಅಡಿಯಲ್ಲಿ, ಮೇಲೆ, ಎಲ್ಲ ಕಡೆ 10 ಸೆಂಟಿಮೀಟರ್ ಒಣಹುಲ್ಲು, ಉಣ್ಣೆ, ಹಳೆ ಹತ್ತಿ ಅಥವಾ ಚೂರು ಮಾಡಿದ ಪತ್ರಿಕೆ ಒತ್ತಾಗಿ ತುಂಬಿದರೆ, ಕಾಗದದ ಮೇಲಿನ ಲೆಕ್ಕದಲ್ಲಿ ಅದು ನಿರ್ವಾತ ಫ್ಲಾಸ್ಕಿಗಿಂತ ಕಡಿಮೆ ಶಾಖ ಸೋರಬೇಕು. ನಿಜದಲ್ಲಿ ಹಾಗಾಗುವುದಿಲ್ಲ. ಪಾತ್ರೆ ಮತ್ತು ತುಂಬುವಿಕೆಯ ನಡುವಿನ ಸಂದಿನಲ್ಲಿ ಗಾಳಿ ಸುತ್ತುತ್ತದೆ, ಮುಚ್ಚಳದಿಂದ ಸೋರಿದ ಆವಿ ಹುಲ್ಲನ್ನು ತೇವ ಮಾಡುತ್ತದೆ, ತೇವವಾದ ಹುಲ್ಲು ಶಾಖವನ್ನು ಹೊರಗೆ ಸಾಗಿಸುತ್ತದೆ. ಇದಕ್ಕೆ ಮದ್ದೂ ಸುಲಭ. ಬಿಗಿ ಮುಚ್ಚಳದ ಪಾತ್ರೆ, ಅದರ ಮೈಗೆ ಅಂಟಿದಂತೆ ಹುಲ್ಲಿನಲ್ಲಿ ಅದೇ ಆಕಾರದ ಗೂಡು, ಗೂಡಿಗೆ ಹೊಳೆಯುವ ಫಾಯಿಲ್ ಅಸ್ತರಿ, ಮೇಲೆ ಹತ್ತು ಸೆಂಟಿಮೀಟರಿನ ದಿಂಬು. ಥರ್ಮೋಕೋಲ್ ಬಳಸುವವರು ಅದು ಪಾತ್ರೆಗೆ ನೇರ ತಾಗದಂತೆ ನೋಡಿಕೊಳ್ಳಬೇಕು, 90 ಡಿಗ್ರಿ ದಾಟಿದರೆ ಮೆತ್ತಗಾಗಿ ಕುಗ್ಗುತ್ತದೆ. ಹೀಗೆ ಕಟ್ಟಿದ ಪೆಟ್ಟಿಗೆ ಮೂರು ನಾಲ್ಕು ಗಂಟೆಯ ಕೆಲಸವನ್ನು ಫ್ಲಾಸ್ಕಿನಷ್ಟೇ ಸಲೀಸಾಗಿ ಮಾಡುತ್ತದೆ. ಮನೆಯಲ್ಲಿರುವ ಪಾತ್ರೆಯೇ ಸಾಕು, ಬಿದ್ದರೆ ಒಡೆಯುವಂಥದ್ದೇನಿಲ್ಲ. ಜಾಗ ತಿನ್ನುತ್ತದೆ, ಅದೊಂದೇ ಗೋಳು. ಎರಡರ ನಡುವೆ ಬಟ್ಟೆಯ ಚೀಲದ ಮಾದರಿಯೂ ಇದೆ. ದಕ್ಷಿಣ ಆಫ್ರಿಕಾದಲ್ಲಿ 2008ರಲ್ಲಿ ಶುರುವಾದ ವಂಡರ್‌ಬ್ಯಾಗ್ ಹೆಸರುವಾಸಿ. ಮಡಚಿ ಇಡಲು ಅನುಕೂಲ, ಒಗೆಯಲು ತ್ರಾಸ.

ಕರೆಂಟು ಹೊತ್ತಿಗೊಮ್ಮೆ ಬರುವ, ಅಥವಾ ಬಿಸಿಲಿದ್ದಾಗ ಮಾತ್ರ ಧಾರಾಳವಾಗಿ ಸಿಗುವ ಕಡೆ ಈ ಪಾತ್ರೆಗೆ ಬೇರೆಯೇ ಬೆಲೆ ಬರುತ್ತದೆ. ನಾಲ್ಕು ಲೀಟರ್ ಅಡುಗೆ 95ರಿಂದ 60ಕ್ಕೆ ಇಳಿಯುವಾಗ ಅದರಲ್ಲಿದ್ದ ದಾಸ್ತಾನು 590 ಕಿಲೋಜೌಲಿನ ಹತ್ತಿರ, 0.16 ಯೂನಿಟ್. ಅಷ್ಟನ್ನು ಲಿಥಿಯಂ ಬ್ಯಾಟರಿಯಲ್ಲಿ ಇಡಲು ಸುಮಾರು ಒಂದು ಕಿಲೋ ಬ್ಯಾಟರಿ ಬೇಕು. ಮಧ್ಯಾಹ್ನದ ಸೋಲಾರ್ ಕರೆಂಟಿನಲ್ಲಿ ಕುದಿಸಿ ಮುಚ್ಚಿಟ್ಟರೆ ಸಂಜೆ, ಊರಿಗೆ ಊರೇ ಒಲೆ ಹಚ್ಚುವ ಹೊತ್ತಿಗೆ, ಈ ಮನೆಯಿಂದ ಗ್ರಿಡ್ಡಿನ ಮೇಲೆ ಭಾರವಿಲ್ಲ. ಎಲೆಕ್ಟ್ರಿಕ್ ಸ್ಲೋ ಕುಕ್ಕರ್ ಇದೇ ಕೆಲಸಕ್ಕೆ 150 ವಾಟಿನಂತೆ ಎಂಟು ಗಂಟೆ ಎಳೆದರೆ 1.2 ಯೂನಿಟ್ ಆಯಿತು. ಸ್ಲೋ ಕುಕ್ಕರಿನ ಜಾಗಕ್ಕೆ ಬಂದರೆ ಥರ್ಮಲ್ ಕುಕ್ಕರ್ ಗೆದ್ದಂತೆ, ಅದರ ಪಕ್ಕಕ್ಕೆ ಬಂದರೆ ಅಲಮಾರಿಯಲ್ಲಿ ಮತ್ತೊಂದು ಸ್ಟೀಲ್ ಅಷ್ಟೇ. ಕ್ಷಮತೆ ಹೆಚ್ಚಿದರೆ ಕಲ್ಲಿದ್ದಲಿನ ಬಳಕೆ ಇಳಿಯುವ ಬದಲು ಏರುತ್ತದೆ ಎಂದು ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಹೇಳಿದ್ದ. ಉಳಿದ ಗ್ಯಾಸಿನ ದುಡ್ಡು ಇನ್ನೊಂದು ಯಂತ್ರಕ್ಕೆ ಹೋದರೆ ಅವನ ಮಾತು ಅಡುಗೆಮನೆಯಲ್ಲೂ ನಿಜವಾಗುತ್ತದೆ.

ಪ್ರಮಾಣದ ಅರಿವೂ ಇರಲಿ. ಜಗತ್ತಿನ ಸರಾಸರಿ ವ್ಯಕ್ತಿಯ ಪಾಲಿಗೆ ದಿನಕ್ಕೆ ಬರುವ ಅಂತಿಮ ಶಕ್ತಿ ಬಳಕೆ, ವಾಹನ ಕಾರ್ಖಾನೆ ಎಲ್ಲ ಸೇರಿ, 40 ಯೂನಿಟ್ ಆಸುಪಾಸು. ಮರ್ಯಾದೆಯ ಬದುಕಿಗೆ ವರ್ಷಕ್ಕೆ 15 ಗಿಗಾಜೌಲ್ ಸಾಕಾದೀತು ಎಂದು 2020ರ ಒಂದು ಅಧ್ಯಯನ ಲೆಕ್ಕ ಹಾಕಿತು, ಅದು ದಿನಕ್ಕೆ 12 ಯೂನಿಟ್ ಕೂಡ ಆಗುವುದಿಲ್ಲ. ನಾಲ್ಕು ಮಂದಿಯ ಮನೆಯಲ್ಲಿ ಈ ಪಾತ್ರೆ ಉಳಿಸುವುದು ತಲೆಗೆ 0.1 ಯೂನಿಟ್. ಕಾರು, ವಿಮಾನ, ಏಸಿ ಇರುವ ಮನೆಗೆ ಇದು ಲೆಕ್ಕಕ್ಕೇ ಸಿಗದ ಚಿಲ್ಲರೆ, ಅಲ್ಲಿ ಇದನ್ನು ಹಸಿರು ಬಾಳಿನ ಗುರುತೆಂದು ಮೇಜಿನ ಮೇಲೆ ಮೆರೆಸುವುದು ತಮಾಷೆ. ಆದರೆ ಕಟ್ಟಿಗೆ, ಸಗಣಿ, ಇದ್ದಿಲಿನಲ್ಲಿ ಬೇಯಿಸುವ 200 ಕೋಟಿಗೂ ಹೆಚ್ಚು ಜನರಿದ್ದಾರೆ. ಅವರ ಮನೆಯ ಶಕ್ತಿಯಲ್ಲಿ ಬಹುಪಾಲು ಅಡುಗೆಗೇ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಇಳಿಯುವುದು ಉರಿದದ್ದರ 10ರಿಂದ 15 ಶೇಕಡಾ ಮಾತ್ರ, ಆದ್ದರಿಂದ ಒಂದು ಗಂಟೆ ಮೊದಲೇ ಆರಿದ ಒಲೆ ಎಂದರೆ ಅಷ್ಟು ಕಡಿಮೆ ಹೊರೆ, ಅಷ್ಟು ಕಡಿಮೆ ಹೊಗೆ. ಅಲ್ಲಿಗೆ ಬೇಕಿರುವುದು ಸ್ಟೀಲ್ ಫ್ಲಾಸ್ಕೂ ಅಲ್ಲ, ಹುಲ್ಲಿನ ಪೆಟ್ಟಿಗೆ.

ನಮ್ಮ ತೀರ್ಮಾನ ಹೀಗೆ. ದಿನವೂ ಕಾಳು, ಬೇಳೆ, ಸಾರು ಬೇಯಿಸುವ, ಪ್ರೆಶರ್ ಕುಕ್ಕರ್ ಇಲ್ಲದ, ಜಾಗ ಕಡಿಮೆಯಿರುವ ಮನೆಗೆ ನಿರ್ವಾತದ ಥರ್ಮಲ್ ಕುಕ್ಕರ್ ಐದರಲ್ಲಿ ನಾಲ್ಕು ಅಂಕದ ಸಾಮಾನು, ಸೆಕೆಂಡ್ ಹ್ಯಾಂಡ್ ಸಿಕ್ಕರೆ ನಾಲ್ಕೂವರೆ. ಹುರಿಯುವುದು ಕರಿಯುವುದು ಹೆಚ್ಚಿರುವ ಮನೆಗೆ ಎರಡು. ಕಟ್ಟಿಕೊಂಡ ಪೆಟ್ಟಿಗೆಗೆ ಎಲ್ಲರ ಮನೆಯಲ್ಲೂ ನಾಲ್ಕು. ಯಾವುದೇ ಆಗಲಿ, ಬಳಸಿದ ಮೇಲೆ ಮುಚ್ಚಿಡಬೇಡಿ. ಫ್ಲಾಸ್ಕಿನ ಮುಚ್ಚಳ ಮಗುಚಿಟ್ಟು ರಬ್ಬರು ಬಿಚ್ಚಿ ಒರೆಸಿ, ಸಂದಿನಲ್ಲಿ ಉಳಿದ ತಿಳಿಯಿಂದಲೇ ಮೊದಲ ನಾತ ಏಳುವುದು. ಪೆಟ್ಟಿಗೆಯ ದಿಂಬನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಕೈಗೆ ತೇವ ತಾಗಿದರೆ ಹುಲ್ಲು ಬದಲಿಸಿ.